ಬಾಯಿ ಹಚ್ಚುವ ಶಾಸ್ತ್ರ

ನಮ್ಮ ಆಸ್ಪತ್ರೆಯಲ್ಲಿ ಸುಳ್ಳು ಹೇಳುವುದರಲ್ಲಿ ಸಿಸ್ಟರ್ ಅವರನ್ನು ಮೀರಿಸುವವರು ಯಾರೂ ಇರಲಿಲ್ಲ. ಹೋದ ತಿಂಗಳು ಅವರು ತೀರಿಕೊಂಡರೆಂಬ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರು ಹೇಳಿದ ಒಂದು ದೊಡ್ಡ ಸುಳ್ಳು. ತೀರಿಹೋದವರ ಬಗ್ಗೆ ಬರೆಯುವಾಗ ಹೀಗೆ ಶುರುಮಾಡುತ್ತಾರೇನು ಅಂತ ನಮ್ಮ ಮನೆಯವರು ಮುಖ ಗಂಟು ಹಾಕಿದರು. ಏನು ಮಾಡಲಿ, ಅವರನ್ನು ದೇವತೆ ಮಾಡಿ ಬರೆದರೆ ಅವರೇ ಬಂದು ನನ್ನ ಕಿವಿ ಹಿಂಡಿಯಾರು. ಹೆಸರು ಮಾತ್ರ ಬರೆಯುವುದಿಲ್ಲ, ಅವರ ಮಗ ಓದಿದರೆ ಬೇಜಾರು ಮಾಡಿಕೊಂಡಾನು. ಆಸ್ಪತ್ರೆಯವರಿಗೆ ಅವರು ಸಿಸ್ಟರ್, ನಮ್ಮ ಕಡೆಯ ಕೂಲಿ ಹೆಣ್ಣುಮಕ್ಕಳಿಗೆ ಅಕ್ಕಾರು. ಅಷ್ಟು ಸಾಕು.

ಹೈದರಾಬಾದಿನ ಜೀಡಿಮೆಟ್ಲಾದ ಆಚೆ, ಗಾಳಿ ತಿರುಗಿದಾಗಲೆಲ್ಲ ಔಷಧ ಕಾರ್ಖಾನೆಯ ವಾಸನೆ ಒಳಗೆ ಬರುವಂಥ ಜಾಗದಲ್ಲಿ, ಒಂದು ಸಣ್ಣ ಹೆರಿಗೆ ಆಸ್ಪತ್ರೆ. ಅಲ್ಲಿ ನಾನು ಚೀಟಿ ಬರೆಯುವ ಕಿಟಕಿಯಲ್ಲಿ ಕೂರುತ್ತಿದ್ದೆ. ಸಿಸ್ಟರ್ ಒಳಗೆ, ಬಾಣಂತಿಯರ ವಾರ್ಡಿನಲ್ಲಿ. ಕೂರುವುದು ನನ್ನ ಕೆಲಸವಾದರೆ ಕೂರದಿರುವುದು ಅವರ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಊಟದ ಡಬ್ಬಿಯನ್ನು ನನ್ನ ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ತಿನ್ನುತ್ತಿದ್ದರು. ಒಂದು ತುತ್ತು ಬಾಯಿಗಿಟ್ಟುಕೊಂಡು ಒಳಗೆ ಹೋಗಿ ಯಾರನ್ನೋ ಬೈದು ಬಂದು ಇನ್ನೊಂದು ತುತ್ತು. ಚಹಾ ಪೂರ್ತಿ ಕುಡಿದದ್ದನ್ನು ನಾನು ನೋಡಿದ್ದೇ ಇಲ್ಲ. ಉಡುಪಿನ ತೋಳಿನ ಮೇಲೆ ಸಾಲಾಗಿ ಪಿನ್ನು ಚುಚ್ಚಿಕೊಂಡಿರುತ್ತಿದ್ದರು, ಬಾಯಲ್ಲಿ ಸದಾ ಒಂದು ಲವಂಗ. ಅವರು ಹತ್ತಿರ ಬಂದು ನಿಂತರೆ ನನಗೂ ಏನೋ ಮರೆತಂತಾಗಿ ಬರೆಯುತ್ತಿದ್ದ ಚೀಟಿ ತಪ್ಪುತ್ತಿತ್ತು.

ಅವರು ರಾಯಚೂರ ಕಡೆಯವರು, ನಾನು ವಿಜಯಪುರದ ಕಡೆಯವಳು. ನನ್ನ ಗಂಡನಿಗೆ ರೈಲ್ವೆಯಲ್ಲಿ ನೌಕರಿ, ಮನೆ ಮಲ್ಕಾಜ್‌ಗಿರಿಯಲ್ಲಿ. ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಬೇರೆಯವರ ಜೊತೆ ತೆಲುಗು, ಹಿಂದಿ. ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ ಅಚ್ಚ ರಾಯಚೂರು ಬರುತ್ತಿತ್ತು. ದಿನಕ್ಕೊಮ್ಮೆಯಾದರೂ ಬರುತ್ತಿತ್ತೆನ್ನಿ.

ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಯಾದಗಿರಿ, ಕಲಬುರಗಿ, ರಾಯಚೂರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಬಹಳ. ಊರಲ್ಲಿದ್ದಿದ್ದರೆ ಮೊದಲ ಬಾಣಂತನ ತವರಿನಲ್ಲಿ. ನೀರು ಎರೆಯುವವರೊಬ್ಬರು, ಕೆಂಡದ ಶೇಕ ಹಾಕುವವರೊಬ್ಬರು, ಅಳವಿ ಕಾಳಿನ ಪಾಯಸ ಕಾಸಿ ಕೊಡುವವರೊಬ್ಬರು. ಇಲ್ಲಿ ತಗಡಿನ ಶೆಡ್ಡು. ತವರು ಎಲ್ಲೋ ಉಳಿದು, ಬಾಣಂತನ ಅತ್ತೆಯ ಕೈಗೆ ಬಂದಿತ್ತು. ಊರು ಬಿಟ್ಟು ಬಂದವರು ಊರಿನ ನಂಬಿಕೆಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಮೊದಲು ಬರುವ ಹಳದಿ ಹಾಲು ತಿಂಗಳುಗಟ್ಟಲೆ ಒಳಗೆ ಕೂತ ಹಳೇ ಹಾಲು, ಕೂಸಿಗೆ ಕೆಟ್ಟದ್ದು ಅಂತ ಹಿಂಡಿ ಚೆಲ್ಲುವುದು. ಅಲ್ಲಿಯತನಕ ಜೇನುತುಪ್ಪ, ಸಕ್ಕರೆ ನೀರು. ಇದರ ಮೇಲೆ ಪಟ್ಟಣದ ಹೊಸ ನಂಬಿಕೆ ಬೇರೆ. ಗುಂಡಗಿನ ಕೂಸಿನ ಚಿತ್ರವಿದ್ದ ಡಬ್ಬಿ ಹಾಲನ್ನು ಗಂಡಂದಿರು ಎದೆಗೆ ಅವುಚಿಕೊಂಡು ತರುತ್ತಿದ್ದರು, ಹೈದರಾಬಾದಿಗೆ ಬಂದು ಇಷ್ಟೂ ಕೊಡಿಸದಿದ್ದರೆ ಹೇಗೆ ಅನ್ನುವಂತೆ. ಗೇಟಿನ ಹೊರಗೆ ಕತ್ತೆ ಹಾಲು ಮಾರುವವನೊಬ್ಬ ಕತ್ತೆಯನ್ನು ಹಿಡಿದುಕೊಂಡೇ ನಿಂತಿರುತ್ತಿದ್ದ. ಒಂದು ಒಳಲೆ ಕುಡಿಸಿದರೆ ಕೂಸಿಗೆ ಕೆಮ್ಮು ಬರುವುದಿಲ್ಲವಂತೆ. ಸಿಸ್ಟರ್ ಅವನನ್ನು ಓಡಿಸುವುದು, ಅವನು ಮೂಲೆಯ ತನಕ ಹೋಗಿ ತಿರುಗಿ ಬರುವುದು, ಇದು ನಮ್ಮ ನಿತ್ಯದ ತಮಾಷೆಯಾಗಿತ್ತು. ಕತ್ತೆಗೂ ಅಭ್ಯಾಸವಾಗಿ, ಸಿಸ್ಟರ್ ಕಂಡರೆ ತಾನೇ ಹಿಂದಕ್ಕೆ ತಿರುಗುತ್ತಿತ್ತು.

ಮೊದಮೊದಲು ಅವರೂ ಎಲ್ಲರಂತೆ ಗೋಡೆಯ ಚಿತ್ರ ತೋರಿಸಿ ಪಾಠ ಹೇಳುತ್ತಿದ್ದರಂತೆ. ಹೂಂ ಹೂಂ ಅನ್ನುತ್ತಲೇ ಸೆರಗಿನ ಮರೆಯಲ್ಲಿ ಜೇನುತುಪ್ಪ ನೆಕ್ಕಿಸುವವರಿಗೆ ಯಾವ ಪಾಠ? ಒಂದು ದಿನ ಒಬ್ಬ ಮುದುಕಿ ಸೊಸೆಯ ಹಾಲನ್ನು ಇನ್ನೇನು ಹಿಂಡಿ ಚೆಲ್ಲಬೇಕು, ಆಗ ಸಿಸ್ಟರ್ ಬಾಗಿಲಲ್ಲೇ ನಿಂತು, ನಿಮ್ಮ ಕಡೆ ಬಾಯಿ ಹಚ್ಚುವ ಶಾಸ್ತ್ರ ಮಾಡುವುದಿಲ್ಲವೇ ಅಂತ ಕೇಳಿಬಿಟ್ಟರು. ನಾನು ಯಾವುದೋ ಕಾಗದಕ್ಕೆ ಅವರ ಸಹಿ ಪಡೆಯಲು ಹೋಗಿದ್ದೆ, ಅದಕ್ಕೇ ಈ ಶಾಸ್ತ್ರ ಹುಟ್ಟಿದ ಗಳಿಗೆಗೆ ನಾನೇ ಸಾಕ್ಷಿ. ಅಂಥ ಶಾಸ್ತ್ರ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಮುದುಕಿ ಕೈ ನಿಲ್ಲಿಸಿ, ಅದೇನು ಅಂತ ಕೇಳಿದಳು. ಸಿಸ್ಟರ್ ಕಣ್ಣು ಮಿಟುಕಿಸದೆ ಹೇಳುತ್ತಾ ಹೋದರು. ಹೆತ್ತವಳ ಮೈಯ ಬಿಸಿ ಆರುವುದರೊಳಗೆ ಅತ್ತೆಯಾದವಳು ಕೈಕಾಲು ತೊಳೆದುಕೊಂಡು ತನ್ನ ಕೈಯಾರೆ ಮೊಮ್ಮಗುವಿನ ಬಾಯನ್ನು ಎದೆಗೆ ಹಚ್ಚಬೇಕು. ಅದಕ್ಕೆ ಮುಂಚೆ ಕೂಸಿನ ನಾಲಗೆಗೆ ಬೇರೆ ಒಂದು ಹನಿಯೂ ತಾಕಬಾರದು. ಹಳದಿ ಹಾಲು ಲಕ್ಷ್ಮಿಯ ಪಾಲು, ಚೆಲ್ಲಿದವರ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ. ಶಾಸ್ತ್ರ ಮುಗಿದ ಮೇಲೆ ಮಗ ತಾಯಿಗೆ ಕುಬುಸದ ಖಣ ಕೊಟ್ಟು ಕಾಲು ಮುಟ್ಟಬೇಕು.

ಖಣ ಅಂದಕೂಡಲೇ ಮುದುಕಿಯ ಮುಖ ಅರಳಿತು. ಹೌದು ನೋಡ್ರಿ, ನಮ್ಮ ಕಡೆಯೂ ಮೊದಲು ಇತ್ತು, ಈಗ ಯಾರು ಮಾಡ್ತಾರ ಅಂದಳು. ನಾನು ನಗು ತಡೆಯಲಾರದೆ ಹೊರಗೆ ಬಂದೆ.

ಅಲ್ಲಿಂದ ಮುಂದೆ ಸಿಸ್ಟರ್‌ಗೆ ಈ ಶಾಸ್ತ್ರವೇ ಮಂತ್ರವಾಯಿತು. ತೆಲುಗಿನ ಅತ್ತೆಯರಿಗೆ ‘ಮಾ ವೈಪು ಇಂತೇನಮ್ಮಾ’, ಮುಸಲ್ಮಾನ ಅತ್ತೆಯರಿಗೆ ಲಕ್ಷ್ಮಿಯನ್ನು ಬಿಟ್ಟು ಬರಕತ್ ಸೇರಿಸಿ ‘ಹಮಾರೆ ತರಫ್ ಐಸಾಇಚ್ ಹೋತಾ’. ನಮ್ಮ ಕಡೆ ಹೀಗೇ ಅನ್ನುವ ಒಂದೇ ಸುಳ್ಳು, ಮೂರು ಭಾಷೆ. ನಡೆಯುವುದೂ ನಡೆಯಿತು. ಹಾಲು ಚೆಲ್ಲುವುದು ಕಡಿಮೆಯಾಯಿತು, ಕೂಸುಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಕುಡಿಯುತ್ತಿದ್ದವು. ಅತ್ತೆಯರು ವಾರ್ಡಿನಲ್ಲಿ ಬೀಗುತ್ತಾ ಓಡಾಡುತ್ತಿದ್ದರು.

ನನಗೆ ಇದು ಸರಿಬರಲಿಲ್ಲ. ನಾನು ಮೊದಲಿಂದಲೂ ಸೀದಾ ಮಾತಿನವಳು, ಅದರಿಂದ ಅತ್ತೆಯ ಮನೆಯಲ್ಲಿ ಅನುಭವಿಸಿದ್ದೂ ಇದೆ. ಜನ ಕುರಿಗಳಲ್ಲ, ಇದ್ದದ್ದನ್ನು ಇದ್ದಂತೆ ತಾಯಿಗೇ ಹೇಳಿದರೆ ಅರ್ಥವಾಗುವುದಿಲ್ಲವೇ, ಇವತ್ತು ನೀವು ಹೇಳಿದ ಸುಳ್ಳು ನಾಳೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಅಂತ ಜಗಳ ತೆಗೆದೆ. ಸಿಸ್ಟರ್ ಡಬ್ಬಿಯ ಮುಚ್ಚಳ ಹಾಕುತ್ತಾ ಅಂದರು:

"ಚೀಟಿ ತಂಗಿ, ನೀ ಕಿಡಕ್ಯಾಗ ಕುಂತ ಮಾತಾಡ್ತಿ. ಒಳಗ ಬಂದು ನೋಡು, ಕೂಸು ಯಾರ ಉಡ್ಯಾಗ ಐತಿ ಅಂತ. ಯಾರ ಉಡ್ಯಾಗ ಐತೋ ಅವರಿಗೇ ನಾ ಹೇಳಾಕಿ."

ಈ ಮಾತಿನ ಬೇರು ಎಲ್ಲಿದೆ ಅಂತ ನನಗೆ ತಿಳಿದದ್ದು ಆಮೇಲೆ. ಒಮ್ಮೆ ಇಬ್ಬರೂ ಉಡುಪಿನ ಬಟ್ಟೆ ತರಲು ಕೋಠಿ ಬಜಾರಿಗೆ ಹೋಗಿದ್ದೆವು. ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ಅವರು ಕೂರದೆ ಕಂಬಿ ಹಿಡಿದು ನಿಂತು, ನನ್ನ ತಲೆಯ ಮೇಲಿಂದ ಎಲ್ಲೋ ನೋಡುತ್ತಾ ಹೇಳತೊಡಗಿದರು. ಮಗ ಹುಟ್ಟಿದಾಗ ಇವರಿಗೆ ಹೊಸ ನೌಕರಿ, ರಜೆ ಕಡಿಮೆ. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಕೆಲಸಕ್ಕೆ ಬಂದರು. ಮನೆಗೆ ಹೋದಾಗಲಾದರೂ ಕುಡಿಸೋಣವೆಂದರೆ, ಹೊರಗಿನಿಂದ ಬಂದವಳ ಬಿಸಿ ಹಾಲು ಬೇಡ, ಆಸ್ಪತ್ರೆಯ ಮೈಲಿಗೆ ಬೇಡ ಅಂತ ಅತ್ತೆ ಡಬ್ಬಿ ಹಾಲಿಗೇ ಅಭ್ಯಾಸ ಮಾಡಿಸಿಬಿಟ್ಟರು. ಇವರು ವಾರ್ಡಿನಲ್ಲಿ ಬೇರೆಯವರ ಕೂಸು ಅತ್ತರೆ ಸಾಕು, ಎದೆ ತೊಯ್ದು ಉಡುಪು ಒದ್ದೆಯಾಗುತ್ತಿತ್ತಂತೆ. ಟವೆಲನ್ನು ಬಿಗಿಯಾಗಿ ಸುತ್ತಿಕೊಂಡು ಮೇಲೆ ಪಿನ್ನು ಹಾಕಿಕೊಳ್ಳುತ್ತಿದ್ದರಂತೆ. ನೀವು ಅತ್ತೆಗೆ ಏನೂ ಅನ್ನಲಿಲ್ಲವೇ ಅಂತ ಕೇಳಿದೆ. ಅನ್ನಲಿಕ್ಕೆ ನನ್ನ ಕೈಯಲ್ಲಿ ಏನಿತ್ತು ಅಂದರು. ಬಸ್ಸು ನಿಲ್ಲುವ ಮುಂಚೆಯೇ ಇಳಿದು ಹೊರಟುಬಿಟ್ಟರು. ಆಮೇಲೆ ಕೆಲವು ದಿನ ಅವರ ಜೊತೆ ಜಗಳ ತೆಗೆಯಲಿಲ್ಲ.

ಅವರ ಚಡಪಡಿಕೆ ಆಸ್ಪತ್ರೆಯ ಗೇಟಿಗೆ ಮುಗಿಯುತ್ತಿರಲಿಲ್ಲ. ರಜೆಯ ದಿನ ಕಟ್ಟಡ ಕಟ್ಟುವಲ್ಲಿಗೆ ಹೋಗಿ, ಹೋದ ತಿಂಗಳು ಹೆತ್ತವಳು ಇವತ್ತು ಇಟ್ಟಿಗೆ ಹೊರುತ್ತಿದ್ದಾಳೆಯೇ, ಕೂಸು ಎಲ್ಲಿ ಮಲಗಿದೆ ಅಂತ ನೋಡಿಕೊಂಡು ಬರುತ್ತಿದ್ದರು. ಊರಿನ ಹೊಲದಲ್ಲಿ ಬದುವಿನ ಮೇಲೆ ಕೂತು ಕುಡಿಸಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಇಲ್ಲಿ ಗಂಡಸರ ಕಣ್ಣು ಸುತ್ತಲೂ ಇರುತ್ತದೆ ಅಂತ ಆ ಹುಡುಗಿಯರು ನಾಚುತ್ತಿದ್ದರು. ಕೆಲಸ ಬಿಟ್ಟು ಕೂತರೆ ಮೇಸ್ತ್ರಿ ಬೈಯುತ್ತಿದ್ದ. ಸಿಸ್ಟರ್ ಒಬ್ಬ ಮೇಸ್ತ್ರಿಯ ಜೊತೆ ಬೀದಿಗೆಲ್ಲ ಕೇಳುವಂತೆ ಜಗಳವಾಡಿ, ಸಿಮೆಂಟ್ ಚೀಲಗಳ ಹಿಂದೆ ಒಂದು ಮೂಲೆ ಕೊಡಿಸಿ, ಸೀರೆ ಕಟ್ಟಿ ಮರೆ ಮಾಡಿ ಬಂದರು. ಸ್ವಲ್ಪ ದಿನ ಬಿಟ್ಟು ಹೋಗಿ ನೋಡಿದರೆ ಆ ಮೂಲೆಯಲ್ಲಿ ಟೈಲ್ಸ್ ಪೇರಿಸಿಟ್ಟಿದ್ದರು. ಮತ್ತೆ ಜಗಳ. ಹೀಗೆ ಗೆದ್ದದ್ದು ಯಾವುದೂ ಗೆದ್ದಂತೆ ಉಳಿಯುತ್ತಿರಲಿಲ್ಲ. ಅದಕ್ಕೇ ಅವರು ಎಲ್ಲೂ ನಿಲ್ಲುತ್ತಿರಲಿಲ್ಲವೋ ಏನೋ.

ಇನ್ನು ಆ ದಿನದ ಮಾತು.

ಯಾದಗಿರಿ ಕಡೆಯ ಒಬ್ಬ ಹುಡುಗಿ ಬೆಳಗಿನ ಜಾವ ಹೆತ್ತಿದ್ದಳು, ಹೆಣ್ಣು ಕೂಸು. ಹುಡುಗಿಯೂ ಸಣ್ಣದು, ಕೂಸು ಇನ್ನೂ ಸಣ್ಣದು. ಇಂಥ ಕೂಸು ಬೇಗ ಕುಡಿಯಬೇಕು, ಇಲ್ಲದಿದ್ದರೆ ಸೊರಗಿಬಿಡುತ್ತದೆ. ಹುಡುಗಿಗೆ ತಾಯಿಯಿರಲಿಲ್ಲ. ಜೊತೆಗಿದ್ದವಳು ಅದೇ ಕಟ್ಟಡದಲ್ಲಿ ಕೆಲಸ ಮಾಡುವ ನಾದಿನಿ. ಅತ್ತೆ ಊರಿನಿಂದ ರೈಲಿನಲ್ಲಿ ಬರುತ್ತಿದ್ದಳು.

ನಾನು ಬೆಳಿಗ್ಗೆ ಕಿಟಕಿ ತೆರೆಯುವಷ್ಟರಲ್ಲಿ ಕೂಸಿನ ಅಳು ಹೊರಗೆ ಕೇಳುತ್ತಿತ್ತು. ರಾತ್ರಿಯ ನರ್ಸ್ ಹೇಳಿ ಹೇಳಿ ಸಾಕಾಗಿ ಹೋಗಿದ್ದಳು. ಕೂಸು ನಾದಿನಿಯ ಉಡಿಯಲ್ಲಿತ್ತು, ಅವಳು ಬಿಡಲೊಲ್ಲಳು. ಕಿಟಕಿ ಬಿಟ್ಟು ನಾನೂ ಸಿಸ್ಟರ್ ಹಿಂದೆಯೇ ಒಳಗೆ ಹೋದೆ. ಅವರು ಬಂದವರೇ ಯಾಕೆ ಕುಡಿಸಿಲ್ಲ ಅಂತ ಗದರಿದರು. ನಾದಿನಿ ಬಹಳ ಮರ್ಯಾದೆಯಿಂದ ಎದ್ದು ನಿಂತು ಉತ್ತರ ಕೊಟ್ಟಳು.

"ನಮ್ಮವ್ವ ಬರಬೇಕ್ರೀ ಅಕ್ಕಾರ. ಬಾಯಿ ಹಚ್ಚೂ ಶಾಸ್ತ್ರ ಐತ್ರಿ ನಮ್ಮಲ್ಲಿ. ಅತ್ತಿ ಕೈಲೇ ಆಗಬೇಕು. ಅಲ್ಲೀತನ ಬ್ಯಾರೆ ಏನೂ ಬಾಯಿಗೆ ಮುಟ್ಟಸೂದಿಲ್ರಿ."

ಸಿಸ್ಟರ್ ತಿರುಗಿ ನನ್ನನ್ನು ನೋಡಿದರು. ನಾನು ಹೇಳಿದ್ದೇ ಆಯಿತಲ್ಲ ಅಂತ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವರೇ ನೆಟ್ಟದ್ದು ಯಾರದೋ ಬಾಯಿಂದ ಯಾದಗಿರಿಯ ತನಕ ಹೋಗಿ, ಅಲ್ಲಿ ಬೇರು ಬಿಟ್ಟು ತಿರುಗಿ ಬಂದಿತ್ತು. ಅತ್ತೆ ಇಲ್ಲದಿದ್ದರೆ ಏನು ಮಾಡಬೇಕೆಂಬುದನ್ನು ಶಾಸ್ತ್ರ ಮಾಡಿದವರು ಯೋಚಿಸಿರಲೇ ಇಲ್ಲ.

ನಾನು ನನ್ನ ಗಂಡನಿಗೆ ಫೋನು ಮಾಡಿ ಆ ರೈಲು ಎಲ್ಲಿದೆಯೆಂದು ವಿಚಾರಿಸಿದೆ. ತಾಂಡೂರಿನ ಹತ್ತಿರ ನಿಂತಿದೆ, ಮುಂದೆ ಹಳಿಯ ಕೆಲಸ ನಡೆದಿದೆ, ಯಾವಾಗ ಬಿಡುತ್ತಾರೋ ಹೇಳಲಿಕ್ಕೆ ಬರುವುದಿಲ್ಲ ಅಂದರು. ಅಷ್ಟರಲ್ಲಿ ಕೂಸಿನ ಅಳು ಸಣ್ಣದಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅಳುವುದನ್ನೇ ಬಿಟ್ಟು ಮಂಪರಿನಲ್ಲಿ ಮಲಗಿತ್ತು. ಡಾಕ್ಟರು ನೋಡಿ, ಕೂಡಲೇ ಕುಡಿಸಿ, ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ ಅಂತ ಖಡಕ್ಕಾಗಿ ಹೇಳಿದರು. ಡಬ್ಬಿ ಹಾಲಾದರೂ ಹಾಕೋಣವೆಂದರೆ ನಾದಿನಿ ಅದಕ್ಕೂ ಬೇಡವೆಂದು ತಲೆ ಆಡಿಸಿದಳು. ಒಂದು ಹನಿಯೂ ತಾಕಬಾರದೆಂದು ಶಾಸ್ತ್ರದಲ್ಲೇ ಇತ್ತಲ್ಲ.

ಸಿಸ್ಟರ್ ಗದರಿದರು, ರಮಿಸಿದರು, ದೇವರ ಮೇಲೆ ಆಣೆ ಹಾಕಿದರು. ಕಡೆಗೆ ಕೂಸನ್ನು ಕಿತ್ತುಕೊಳ್ಳಲು ಕೈ ಚಾಚಿದರು. ನಾದಿನಿ ಅದನ್ನು ಇನ್ನಷ್ಟು ಅವುಚಿಕೊಂಡು, ಹಿಂಗೆಲ್ಲ ಮಾಡಿದರೆ ಶೆಡ್ಡಿಗೇ ಕರೆದುಕೊಂಡು ಹೋಗುತ್ತೇವೆಂದು ಬಾಗಿಲ ಕಡೆ ಹೆಜ್ಜೆ ಹಾಕಿದಳು. ಸಿಸ್ಟರ್ ಕೈ ಹಿಂದಕ್ಕೆ ತೆಗೆದರು.

"ಕೇಳು ತಂಗಿ, ಅಂಥಾ ಶಾಸ್ತ್ರ ಇಲ್ಲ. ಅದು ಸುಳ್ಳು. ಇದ ವಾರ್ಡಿನ್ಯಾಗ ನಿಂತು ನಾನ ಹುಟ್ಟಿಸಿದ್ದು. ಈಕಿನ್ನ ಕೇಳು ಬೇಕಾದ್ರ."

ನಾನು ಹೌದೆಂದು ತಲೆಯಾಡಿಸಿದೆ. ನಾದಿನಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಮಕ್ಕಳು ಹಟ ಮಾಡಿದಾಗ ದೊಡ್ಡವರು ನಗುವಂತೆ ನಕ್ಕಳು. ನೀವು ಹುಟ್ಟಿಸೋದು ಹೆಂಗಾಗ್ತದ್ರಿ, ನಮ್ಮ ಹಿರಿಯರ ಕಾಲದಿಂದ ಐತಿ ಅಂದಳು.

ಅತ್ತೆಗೇ ಫೋನು ಹಚ್ಚಿದೆವು. ರೈಲಿನ ಗದ್ದಲದ ನಡುವೆ ಮುದುಕಿಯ ದನಿ ಬಂತು. ಸಿಸ್ಟರ್ ಎಲ್ಲ ಒಪ್ಪಿಕೊಂಡರು, ತಪ್ಪಾಯಿತು ಅಂದರು. ಮುದುಕಿ ಕೆಟ್ಟವಳೇನಲ್ಲ. ಬೆಳಗಿನಿಂದ ತಾನೂ ಬಾಯಿಗೆ ನೀರು ಹಾಕಿಲ್ಲವೆಂದಳು. ಹಿರಿಯ ಸೊಸೆಗೆ ತನ್ನ ಕೈಯಿಂದಲೇ ಶಾಸ್ತ್ರವಾಗಿತ್ತಂತೆ, ಆ ಕೂಸು ಗುಂಡುಕಲ್ಲಿನ ಹಾಗೆ ಇದೆಯಂತೆ.

"ಆ ಕೂಸಿಗೆ ಮಾಡಿ ಈ ಕೂಸಿಗೆ ಹೆಂಗ ತಪ್ಪಿಸ್ಲಿರೀ ಯಕ್ಕಾ? ಇದೂ ನನ್ನ ಮೊಮ್ಮಗಳೇ ಅಲ್ಲೇನ್ರಿ? ಸ್ವಲ್ಪ ತಡೀರಿ, ಬಂದೆ."

ಲೈನು ಕಟ್ಟಾಯಿತು. ಸಿಸ್ಟರ್ ಫೋನು ಹಿಡಿದುಕೊಂಡೇ ನಿಂತರು. ಇನ್ನು ಯಾರ ಕಾಲು ಹಿಡಿಯಲಿ ಅನ್ನುವಂತೆ ಸುತ್ತಲೂ ನೋಡಿದರು. ನಾನಂತೂ ಆ ಕೂಸು ಉಳಿಯುವುದಿಲ್ಲವೆಂದೇ ಹೆದರಿದ್ದೆ.

ಆಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಹುಡುಗಿ ಎದ್ದಳು. ಮೆಲ್ಲಗೆ, ಮಂಚದ ಅಂಚು ಹಿಡಿದುಕೊಂಡು, ನೋವಿಗೆ ತುಟಿ ಕಚ್ಚಿಕೊಂಡು. ನಾದಿನಿಯ ಹತ್ತಿರ ಹೋಗಿ ಎರಡೂ ಕೈ ಚಾಚಿ, ಕೊಡು ಇಲ್ಲಿ ಅಂದಳು. ಅವ್ವ ಬಂದರೆ ಏನು ಹೇಳಲಿ ಅಂತ ನಾದಿನಿ ಗೊಣಗಿದಳು. ನಾನೇ ಕಸಗೊಂಡೆ ಅಂತ ಹೇಳು ಅಂದಳು ಹುಡುಗಿ. ಆ ದನಿಯಲ್ಲಿ ಏನಿತ್ತೋ, ನಾದಿನಿಯ ತೋಳು ಸಡಿಲವಾಯಿತು.

ಹುಡುಗಿ ಮಂಚದ ಮೇಲೆ ಕೂತು ಕೂಸನ್ನು ಎದೆಗೆ ಹಚ್ಚಿಕೊಂಡಳು. ಅದು ಬಾಯಿ ತೆರೆಯಲಿಲ್ಲ. ಅಂಗಾಲು ತಿಕ್ಕಿದಳು, ಕೆನ್ನೆ ಮುಟ್ಟಿದಳು, ಏನೇನೋ ಕರೆದಳು. ಸಿಸ್ಟರ್ ಅಭ್ಯಾಸದಂತೆ ಮುಂದೆ ಬಾಗಿ ಕೂಸಿನ ತಲೆ ಹಿಡಿಯಲು ಹೋದರು. ಹುಡುಗಿ ತಲೆ ಎತ್ತಿ ಅವರನ್ನು ನೋಡಿದಳು.

"ಮುಂಜಾನಿಂದ ಆಕಿ ಅಳೂದು ಕೇಳಾಕತ್ತೀನ್ರಿ. ನಾದಿನಿನ್ನ ಕೇಳಿದ್ರಿ, ಅತ್ತಿನ್ನ ಕೇಳಿದ್ರಿ, ರೈಲು ಎಲ್ಲೈತಿ ಅಂತ ಕೇಳಿದ್ರಿ. ನನ್ನ ಯಾರು ಕೇಳಿದ್ರೀ ಅಕ್ಕಾರ?"

ಸಿಸ್ಟರ್ ಕೂಸಿನ ತಲೆ ಮುಟ್ಟದೆ ಪಕ್ಕಕ್ಕೆ ಸರಿದರು. ಸ್ವಲ್ಪ ಹೊತ್ತಿಗೆ ಕೂಸು ಬಾಯಿ ತೆರೆಯಿತು. ಒಮ್ಮೆ ಬಿಟ್ಟು, ಮತ್ತೆ ಹಿಡಿದು, ಆಮೇಲೆ ಬಿಡದೆ ಚೀಪತೊಡಗಿತು. ನಾನು ಕಣ್ಣೊರೆಸಿಕೊಂಡೆ. ನಾದಿನಿಯೂ ಒರೆಸಿಕೊಳ್ಳುತ್ತಿದ್ದಳು.

ಅತ್ತೆ ಬಂದಾಗ ಹೊತ್ತು ಮುಳುಗುತ್ತಿತ್ತು. ಶಾಸ್ತ್ರ ತಪ್ಪಿತೆಂದು ಮುಖ ಸಣ್ಣದು ಮಾಡಿಕೊಂಡಳು. ಮೊಮ್ಮಗಳು ಕಣ್ಣು ಬಿಟ್ಟು ನೋಡಿದ ಮೇಲೆ ಅದನ್ನು ಮರೆತು, ರೈಲಿನವರನ್ನು ಬೈಯುತ್ತಾ ಕೂತಳು.

ಮರುದಿನ ನಾನು ಯಾವುದೋ ನೆಪ ಮಾಡಿಕೊಂಡು ವಾರ್ಡಿಗೆ ಹೋದೆ. ಹೊಸದಾಗಿ ಹೆತ್ತ ಇನ್ನೊಬ್ಬ ಹುಡುಗಿ, ಮಂಚದ ಪಕ್ಕದಲ್ಲಿ ಅವಳ ಅತ್ತೆ. ಅತ್ತೆ ಆಗಲೇ ಕೈಕಾಲು ತೊಳೆದುಕೊಂಡು ತಯಾರಾಗಿ ನಿಂತು, ಅಕ್ಕಾರ ಬರ್ರಿ ಅಂತ ಕರೆದಳು. ಸಿಸ್ಟರ್ ಅವಳನ್ನು ದಾಟಿ ಹೋಗಿ ಮಂಚದ ಹತ್ತಿರ ನಿಂತರು.

"ತಂಗಿ, ಕೂಸು ನಿಂದು. ಹಾಲು ನಿಂದು. ನಿನಗ ಏನ ಮಾಡಬೇಕು ಅನಸ್ತೈತಿ?"

ಇಂಥ ಪ್ರಶ್ನೆಯನ್ನು ಆ ಹುಡುಗಿಗೆ ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಗಾಬರಿಯಾಗಿ ಅತ್ತೆಯ ಮುಖ ನೋಡಿದಳು. ಅತ್ತೆ ಉತ್ತರ ಹೇಳಲು ಬಾಯಿ ತೆರೆದಳು. ಸಿಸ್ಟರ್ ಆ ಕಡೆ ತಿರುಗದೆ ಕೈ ಅಡ್ಡ ಹಿಡಿದು ತಡೆದರು. ಹೊರಗೆ ಯಾರೋ ಕೂಗಿದರು, ಹೋಗಲಿಲ್ಲ. ಆ ಹುಡುಗಿ ಬಾಯಿ ಬಿಡುವತನಕ ಅಲ್ಲೇ ನಿಂತಿದ್ದರು.